ಮೂರನೇ ಪುಟಕ್ಕೆ ಬಂದಾಗ ಮೊದಲ ಪುಟ ಎಲ್ಲಿರುತ್ತದೆ?

ನಾಲ್ಕು ಪುಟಗಳ ಆನ್‌ಲೈನ್ ಅರ್ಜಿ ತುಂಬುತ್ತಿದ್ದೀರಿ ಎಂದುಕೊಳ್ಳಿ. ಮೊದಲ ಪುಟದಲ್ಲಿ ಹೆಸರು, ಎರಡನೆಯದರಲ್ಲಿ ವಿಳಾಸ, ಮೂರನೆಯದರಲ್ಲಿ ಓದು, ಕೆಲಸದ ವಿವರ. ‘ಮುಂದೆ’ ಒತ್ತಿದಾಗಲೆಲ್ಲ ಹಳೆಯ ಪುಟ ಹೋಗಿ ಹೊಸದು ಬರುತ್ತದೆ. ಮೂರನೇ ಪುಟದಲ್ಲಿ ಕೂತಿರುವಾಗ, ಮೊದಲ ಪುಟದಲ್ಲಿ ಬರೆದ ನಿಮ್ಮ ಹೆಸರು ಎಲ್ಲಿದೆ? ಸರ್ವರ್‌ನಲ್ಲಿ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಅಲ್ಲಿರಲೇಬೇಕು ಎಂದೇನಿಲ್ಲ.

ಸರ್ವರ್‌ಗೆ ಹುಟ್ಟು ಮರೆವು. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಕಟ್ಟಿದಾಗ ಬೇಕಾಗಿದ್ದದ್ದು ಬರಹಗಳನ್ನು ತರಿಸಿಕೊಂಡು ಓದುವ ದಾರಿ. ಅದಕ್ಕೆಂದು ರೂಪಿಸಿದ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ ನಡೆ ಸರಳ: ಕೇಳಿದ್ದನ್ನು ಕೊಡು, ಕೇಳಿದವರನ್ನು ಮರೆ. ಮುಂದಿನ ಕ್ಷಣ ನೀವೇ ಮತ್ತೆ ಕೇಳಿದರೂ ಅದಕ್ಕೆ ನೀವು ಹೊಸಬರೇ. ಓದುವುದಕ್ಕೆ ಇದರಿಂದ ತೊಂದರೆಯಿಲ್ಲ. ಲಾಭವೇ ಹೆಚ್ಚು, ಏಕೆಂದರೆ ಯಾವ ಸರ್ವರ್ ಬೇಕಾದರೂ ಯಾರಿಗೆ ಬೇಕಾದರೂ ಉತ್ತರಿಸಬಹುದು. ಹಲವು ಪುಟಗಳ ಅರ್ಜಿ ಬಂದಾಗ ಮಾತ್ರ ಈ ಮರೆವು ಕಾಡತೊಡಗುತ್ತದೆ.

ಹಳೆಯ ಉಪಾಯವೆಂದರೆ, ನೆನಪಿನ ಹೊರೆಯನ್ನು ಪುಟದ ತಲೆಯ ಮೇಲೇ ಹೊರಿಸುವುದು. ಎರಡನೇ ಪುಟವನ್ನು ಕಳಿಸುವಾಗ ಸರ್ವರ್ ನಿಮ್ಮ ಹೆಸರನ್ನೂ ಅದರೊಳಗೆ ‘ಹಿಡನ್ ಫೀಲ್ಡ್’ ಆಗಿ ತುರುಕಿ ಕಳಿಸುತ್ತದೆ. ನೀವು ‘ಮುಂದೆ’ ಒತ್ತಿದಾಗ ಹೆಸರು, ವಿಳಾಸ ಎರಡೂ ವಾಪಸಾಗುತ್ತವೆ. ನಾಲ್ಕನೇ ಪುಟದ ಹೊತ್ತಿಗೆ ಇಡೀ ಅರ್ಜಿ ಆಚೆಯಿಂದೀಚೆ ಓಡಾಡುತ್ತಿರುತ್ತದೆ. ಸರ್ವರ್ ನಡುವೆ ಕೆಟ್ಟು ಮತ್ತೆ ಎದ್ದರೂ ಏನೂ ಕಳೆಯುವುದಿಲ್ಲ. ಆದರೆ ‘ಹಿಡನ್’ ಎಂಬ ಹೆಸರು ಮೋಸದ್ದು. ಅದು ಕಣ್ಣಿಗೆ ಕಾಣದು, ಅಷ್ಟೇ. ಕೈಗೆ ಸಿಕ್ಕೇ ಸಿಗುತ್ತದೆ. ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಕೋಡ್ ತೆರೆದರೆ ಓದಬಹುದು, ತಿದ್ದಿಯೂ ಕಳಿಸಬಹುದು. ಹಿಂದೆ ಎಷ್ಟೋ ಆನ್‌ಲೈನ್ ಅಂಗಡಿಗಳು ವಸ್ತುವಿನ ಬೆಲೆಯನ್ನೇ ಹೀಗೆ ಇಡುತ್ತಿದ್ದವು. ಗಿರಾಕಿ ಬೆಲೆ ತಿದ್ದಿ ಕಳಿಸಿದರೆ ಸರ್ವರ್ ನಂಬುತ್ತಿತ್ತು! ಹಾಗಾಗಿ ಮೊದಲ ಪುಟದಲ್ಲಿ ಪರಿಶೀಲಿಸಿದ್ದನ್ನೆಲ್ಲ ಕೊನೆಯಲ್ಲಿ ಮತ್ತೊಮ್ಮೆ ಪರಿಶೀಲಿಸಲೇಬೇಕು. ಇದೇ ವಿವರಗಳನ್ನು ವೆಬ್ ವಿಳಾಸದ, ಅಂದರೆ ಯುಆರ್‌ಎಲ್‌ನ ಬಾಲಕ್ಕೆ ಕಟ್ಟುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು: ಬ್ರೌಸರಿನ ಹಿಸ್ಟರಿಯಲ್ಲೂ ಸರ್ವರಿನ ಲಾಗ್‌ನಲ್ಲೂ ನಿಮ್ಮ ಖಾಸಗಿ ವಿವರ ಉಳಿದುಬಿಡುತ್ತದೆ.

1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು ರೂಪಿಸಿದ ಮೇಲೆ ಬೇರೊಂದು ದಾರಿ ತೆರೆಯಿತು. ಕುಕಿ ಎಂದರೆ ಸರ್ವರ್ ಕೊಟ್ಟದ್ದನ್ನು ಬ್ರೌಸರ್ ಇಟ್ಟುಕೊಂಡು, ಪ್ರತಿ ಸಲ ಕೇಳುವಾಗ ಜೊತೆಗೆ ಕಳಿಸುವ ಪುಟ್ಟ ಚೀಟಿ. ಒಂದು ಕುಕಿಯಲ್ಲಿ ಹಿಡಿಯುವುದು ಸುಮಾರು 4 ಕಿಲೋಬೈಟ್ ಮಾತ್ರ. ಆದ್ದರಿಂದ ಅದರಲ್ಲಿ ಅರ್ಜಿಯನ್ನಲ್ಲ, ಊಹಿಸಲಾಗದಷ್ಟು ಉದ್ದದ ಒಂದು ಸಂಖ್ಯೆಯನ್ನು ಇಡುತ್ತಾರೆ. ಸಾಮಾನು ಒಳಗಿಟ್ಟು ಕೈಗೆ ಟೋಕನ್ ಕೊಟ್ಟ ಹಾಗೆ: ವಿವರಗಳೆಲ್ಲ ಸರ್ವರ್‌ನಲ್ಲಿ, ಟೋಕನ್ ಬ್ರೌಸರ್‌ನಲ್ಲಿ. ಇದೇ ಸೆಷನ್.

ಸಾಮಾನನ್ನು ಎಷ್ಟು ಹೊತ್ತು ಕಾಯುವುದು? ಸರ್ವರ್ ಕಡೆಯ ಪ್ರೋಗ್ರಾಮ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ ಯಾರೂ ಬದಲಿಸದಿದ್ದರೆ ಈ ಅವಧಿ 1440 ಸೆಕೆಂಡು, ಅಂದರೆ 24 ನಿಮಿಷ. ಅಷ್ಟು ಹೊತ್ತು ನಿಮ್ಮಿಂದ ಸದ್ದಿಲ್ಲದಿದ್ದರೆ ಆ ವಿವರಗಳು ಗುಡಿಸಿ ಹಾಕಬಹುದಾದ ಕಸ. ಮೂರನೇ ಪುಟದಲ್ಲಿ ಯಾವುದೋ ಪ್ರಮಾಣಪತ್ರ ಕೇಳಿದ್ದಕ್ಕೆ ಎದ್ದು ಹೋಗಿ ಬೀರುವೆಲ್ಲ ತಡಕಿ ಬಂದರೆ ‘ನಿಮ್ಮ ಸೆಷನ್ ಮುಗಿದಿದೆ’ ಎಂಬ ಸಾಲು ಕಾದಿರುವುದು ಇದರಿಂದಲೇ.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಎರಡು ಟ್ಯಾಬ್‌ಗಳ ಗೋಜಲು. ಒಂದು ಟ್ಯಾಬಿನಲ್ಲಿ ಅಕ್ಕನ ಅರ್ಜಿ, ಇನ್ನೊಂದರಲ್ಲಿ ತಮ್ಮನ ಅರ್ಜಿ ತೆರೆದಿದ್ದೀರಿ. ಕುಕಿ ಟ್ಯಾಬಿಗೊಂದರಂತೆ ಇರುವುದಿಲ್ಲ, ಇಡೀ ಬ್ರೌಸರಿಗೆ ಒಂದೇ. ಎರಡೂ ಟ್ಯಾಬ್‌ಗಳು ಒಂದೇ ಟೋಕನ್ ತೋರಿಸುತ್ತವೆ, ಒಂದೇ ಗೂಡಿಗೆ ಬರೆಯುತ್ತವೆ. ಕೊನೆಗೆ ತಮ್ಮನ ಹೆಸರಿನ ಕೆಳಗೆ ಅಕ್ಕನ ವಿದ್ಯಾರ್ಹತೆ! ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಪ್ರೋಗ್ರಾಮ್ ಬರೆದವರು ಒಂದೇ ಟ್ಯಾಬಿನಲ್ಲಿ ಪರೀಕ್ಷಿಸಿ ನೋಡಿರುತ್ತಾರೆ, ಅವರಿಗೆ ಎಲ್ಲ ಸರಿಯಾಗಿಯೇ ಕಂಡಿರುತ್ತದೆ. ಬ್ರೌಸರಿಗೊಂದು ಸಂಖ್ಯೆ ಸಾಲದು, ಅರ್ಜಿಗೊಂದು ಸಂಖ್ಯೆಯೂ ಬೇಕು.

ಇತ್ತೀಚೆಗೆ ಬಹಳ ಕಡೆ ಪುಟ ಬದಲಾಗುವುದೇ ಇಲ್ಲ. ಒಂದೇ ಪುಟದ ಭಾಗಗಳನ್ನು ಜಾವಾಸ್ಕ್ರಿಪ್ಟ್ ತೋರಿಸುತ್ತ, ಮರೆಮಾಡುತ್ತ ಹೋಗುತ್ತದೆ. ಉತ್ತರಗಳನ್ನು ಬ್ರೌಸರಿನ ಸೆಷನ್ ಸ್ಟೋರೇಜ್‌ನಲ್ಲಿ ಇಡಬಹುದು. ಅದು ಟ್ಯಾಬಿಗೊಂದರಂತೆ ಇರುವುದರಿಂದ ಅಕ್ಕ-ತಮ್ಮ ಬೆರೆಯುವುದಿಲ್ಲ, ಪುಟ ರೀಲೋಡ್ ಮಾಡಿದರೂ ಉಳಿಯುತ್ತದೆ. ಟ್ಯಾಬ್ ಮುಚ್ಚಿದರೆ ಹೋಯಿತು. ಮುಚ್ಚಿದರೂ ಉಳಿಯಲೆಂದು ಲೋಕಲ್ ಸ್ಟೋರೇಜ್ ಬಳಸಿದರೆ, ಹಲವರು ಬಳಸುವ ಕಂಪ್ಯೂಟರಿನಲ್ಲಿ ನಿಮ್ಮ ವಿವರ ಮುಂದೆ ಕೂರುವವರ ಪಾಲು.

ದೊಡ್ಡ ಅರ್ಜಿಗಾದರೆ ನಾನು ಸರ್ವರ್‌ನ ಡೇಟಾಬೇಸನ್ನೇ ಆರಿಸುತ್ತೇನೆ: ಮೊದಲ ಪುಟದಿಂದಲೇ ಕರಡಾಗಿ ಉಳಿಸಿ, ಅದಕ್ಕೊಂದು ಸಂಖ್ಯೆ ಕೊಟ್ಟು, ಆ ಕರಡು ಇವರದ್ದೇ ಎಂದು ಪ್ರತಿ ಸಲ ನೋಡಿಕೊಳ್ಳುವುದು. ಕೆಲಸ ಹೆಚ್ಚು, ಆದರೆ ತುಂಬುವವರಿಗೆ ನಾಳೆ ಬಂದು ಮುಂದುವರಿಸುವ ಸ್ವಾತಂತ್ರ್ಯ ಸಿಗುತ್ತದೆ. ಅಂಗವಿಕಲರೂ ಸೇರಿ ಎಲ್ಲರೂ ವೆಬ್ ಬಳಸುವಂತಾಗಲೆಂದು 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿಯೂ, ಒಂದೇ ಪ್ರಕ್ರಿಯೆಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಬರೆಸಬೇಡಿ, ತಾನಾಗಿ ತುಂಬಿರಲಿ ಅಥವಾ ಆರಿಸಿಕೊಳ್ಳಲು ಸಿಗಲಿ ಎನ್ನುತ್ತದೆ. ಭದ್ರತೆಯಂಥ ಕೆಲವು ಕಾರಣಗಳಿಗಷ್ಟೇ ವಿನಾಯಿತಿ.

ಮುಂದಿನ ಸಲ ಇಂಥ ಅರ್ಜಿ ಸಿಕ್ಕಾಗ, ಎರಡನೇ ಪುಟದಲ್ಲಿ ಮೌಸ್‌ನ ಬಲಗುಂಡಿ ಒತ್ತಿ ಸೋರ್ಸ್ ತೆರೆದು ನಿಮ್ಮ ಹೆಸರನ್ನು ಹುಡುಕಿ ನೋಡಿ. ಕಾಣದ ಫೀಲ್ಡೊಂದರಲ್ಲಿ ಅದು ಸಿಕ್ಕರೆ, ನಿಮ್ಮ ಅರ್ಜಿಯ ಹೊರೆ ಇನ್ನೂ ಪುಟದ ತಲೆಯ ಮೇಲೇ ಇದೆ.