ದುಬೊಸೆಕೊವೊ 1941: ಇಪ್ಪತ್ತೆಂಟು ಜನರ ಕಥೆ, ನೂರಕ್ಕೂ ಹೆಚ್ಚು ಜನರ ಸಾವು

ಎರಡನೇ ಮಹಾಯುದ್ಧ ಓದುವವರಿಗೆ ಈ ಕಥೆ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ. 1941ರ ನವೆಂಬರ್ 16. ಮಾಸ್ಕೋ ಹತ್ತಿರ ದುಬೊಸೆಕೊವೊ ಎಂಬ ಸಣ್ಣ ರೈಲು ನಿಲುಗಡೆ. ಅಲ್ಲಿ 28 ಸೋವಿಯತ್ ಕಾಲಾಳುಗಳು ಜರ್ಮನ್ನರ 50ಕ್ಕೂ ಹೆಚ್ಚು ಟ್ಯಾಂಕ್‌ಗಳನ್ನು ನಾಲ್ಕು ಗಂಟೆ ತಡೆದರು, 18 ಟ್ಯಾಂಕ್‌ಗಳನ್ನು ನಾಶ ಮಾಡಿದರು, ಕೊನೆಗೆ ಎಲ್ಲರೂ ಸತ್ತರು. ಪ್ರಚಲಿತ ಕಥೆ ಇಷ್ಟು. ಇದು ಪೂರ್ತಿ ನಿಜವಲ್ಲ ಎಂದು ಈಗ ದಾಖಲೆಗಳಿಂದ ಗೊತ್ತಾಗಿದೆ. ಅದು ಗೊತ್ತಾದ ತಕ್ಷಣ ‘ಓ, ಎಲ್ಲಾ ಸುಳ್ಳು’ ಎಂದು ಪುಟ ತಿರುಗಿಸಿಬಿಡುತ್ತೇವೆ. ಆ ತಪ್ಪು ಆಗಬಾರದು ಎಂದೇ ಈ ಟಿಪ್ಪಣಿ. ಅಲ್ಲಿ ಯುದ್ಧ ನಡೆದದ್ದು ನಿಜ. ಸತ್ತವರು ಕಥೆ ಹೇಳುವುದಕ್ಕಿಂತ ತುಂಬಾ ಜಾಸ್ತಿ.

ಮೊದಲು ಹಿನ್ನೆಲೆ, ಚುಟುಕಾಗಿ. ಮಾಸ್ಕೋ ಹಿಡಿಯಲು ಜರ್ಮನ್ನರು ಅಕ್ಟೋಬರ್ ಆರಂಭದಲ್ಲಿ ಶುರು ಮಾಡಿದ ದಾಳಿ ಮಳೆ ಮತ್ತು ಕೆಸರಿನಿಂದ ನಿಧಾನವಾಯಿತು. ಅಕ್ಟೋಬರ್ 27ಕ್ಕೆ ವೊಲೊಕೊಲಾಮ್ಸ್ಕ್ ಪಟ್ಟಣ ಅವರ ಕೈಗೆ ಹೋಯಿತು. ನವೆಂಬರ್ ಮಧ್ಯಕ್ಕೆ ಚಳಿ ಹೆಚ್ಚಿ ಕೆಸರು ಗಟ್ಟಿಯಾಯಿತು. ನೆಲ ಗಟ್ಟಿಯಾದರೆ ಟ್ಯಾಂಕ್‌ಗೆ ರಸ್ತೆ ಬೇಕಿಲ್ಲ, ಹೊಲದಲ್ಲೇ ಸಾಲಾಗಿ ಬರಬಹುದು. ಹಾಗಾಗಿ ನವೆಂಬರ್ 15, 16ರ ಹೊತ್ತಿಗೆ ದಾಳಿ ಮತ್ತೆ ಜೋರಾಯಿತು. ದುಬೊಸೆಕೊವೊ ಇರುವುದು ವೊಲೊಕೊಲಾಮ್ಸ್ಕ್‌ಗೆ ಹತ್ತಿರ, ಮಾಸ್ಕೋದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿ.

ಅಲ್ಲಿ ಎದುರು ನಿಂತದ್ದು 316ನೇ ರೈಫಲ್ ಡಿವಿಷನ್. ಅದೇ ವರ್ಷ ಬೇಸಿಗೆಯಲ್ಲಿ ಕಜಕಸ್ತಾನದ ಅಲ್ಮಾ-ಅತಾದಲ್ಲಿ ಕಟ್ಟಿದ ಪಡೆ ಅದು. ಕಜಕ್, ಕಿರ್ಗಿಜ್ ಪ್ರದೇಶಗಳಿಂದ ಬಂದವರು ಅದರಲ್ಲಿದ್ದರು: ಕಜಕರು, ಕಿರ್ಗಿಜರು, ರಷ್ಯನ್ನರು, ಉಕ್ರೇನಿಯನ್ನರು. ಕಮಾಂಡರ್ ಮೇಜರ್ ಜನರಲ್ ಇವಾನ್ ಪಾನ್ಫಿಲೊವ್. ಅದಕ್ಕೇ ಈ ಸೈನಿಕರನ್ನು ‘ಪಾನ್ಫಿಲೊವನ ಜನ’ ಎಂದು ಕರೆಯುತ್ತಾರೆ. ನಮ್ಮ ಟಿಪ್ಪಣಿಗೆ ಬೇಕಾದ ಕೊಂಡಿ ಹೀಗೆ: ಡಿವಿಷನ್ನಿನಲ್ಲಿ 1075ನೇ ರೆಜಿಮೆಂಟ್, ಅದರ ಕಮಾಂಡರ್ ಇಲ್ಯಾ ಕಪ್ರೊವ್. ರೆಜಿಮೆಂಟಿನಲ್ಲಿ 2ನೇ ಬೆಟಾಲಿಯನ್, ಅದರಲ್ಲಿ 4ನೇ ಕಂಪನಿ. ಕಂಪನಿಯ ಕಮಾಂಡರ್ ಗುಂಡಿಲೊವಿಚ್, ರಾಜಕೀಯ ಅಧಿಕಾರಿ ವಾಸಿಲಿ ಕ್ಲೊಚ್ಕೊವ್. ಈ 4ನೇ ಕಂಪನಿಯನ್ನು ಮರೆಯಬೇಡಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಕಾಲಾಳು ಟ್ಯಾಂಕನ್ನು ಹೇಗೆ ಎದುರಿಸುತ್ತಾನೆ?

ಇದು ಗೊತ್ತಿಲ್ಲದಿದ್ದರೆ ‘18 ಟ್ಯಾಂಕ್’ ಎಂಬ ಅಂಕಿಯನ್ನು ತೂಗಿ ನೋಡಲು ಆಗುವುದಿಲ್ಲ. ಟ್ಯಾಂಕಿನ ಮುಂಭಾಗದ ಉಕ್ಕು ದಪ್ಪ. ಪಕ್ಕ ಮತ್ತು ಹಿಂಭಾಗ ತೆಳು. ಕೆಳಗಿನ ಚೈನು ಒಡೆದರೆ ಟ್ಯಾಂಕ್ ನಿಲ್ಲುತ್ತದೆ. ಎಂಜಿನ್ ಹಿಂದುಗಡೆ ಇರುತ್ತದೆ, ಅದರ ಮೇಲಿನ ಜಾಲರಿಯೊಳಗೆ ಬೆಂಕಿ ಇಳಿದರೆ ಟ್ಯಾಂಕ್ ಉರಿಯುತ್ತದೆ.

1941ರ ಸೋವಿಯತ್ ಕಾಲಾಳಿನ ಕೈಯಲ್ಲಿ ಇದಕ್ಕಾಗಿ ಇದ್ದದ್ದು ಮುಖ್ಯವಾಗಿ ಮೂರು ಸಾಧನ. ಒಂದು, ಟ್ಯಾಂಕ್ ವಿರೋಧಿ ರೈಫಲ್ ಪಿಟಿಆರ್‌ಡಿ. 14.5 ಮಿಲಿಮೀಟರ್ ಗುಂಡು, ಎರಡು ಮೀಟರ್ ಉದ್ದ, ಸುಮಾರು 17 ಕಿಲೋ ತೂಕ. ಇಬ್ಬರು ಸೇರಿ ನಡೆಸಬೇಕು. ಒಂದು ಸಲಕ್ಕೆ ಒಂದೇ ಗುಂಡು. ಹತ್ತಿರದಿಂದ, ಪಕ್ಕಕ್ಕೆ ಹೊಡೆದರೆ ಮಾತ್ರ ಕೆಲಸ. ಅದು ಆಗಷ್ಟೇ ಸೈನ್ಯಕ್ಕೆ ಬರಲು ಶುರುವಾಗಿತ್ತು, ಒಂದು ರೆಜಿಮೆಂಟಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಎರಡು, ಟ್ಯಾಂಕ್ ವಿರೋಧಿ ಗ್ರೆನೇಡ್. ಕಿಲೋಗಿಂತ ಜಾಸ್ತಿ ಭಾರ, ಇಪ್ಪತ್ತು ಮೀಟರಿನಾಚೆ ಎಸೆಯುವುದೇ ಕಷ್ಟ. ಮೂರು, ಬೆಂಕಿ ಬಾಟಲಿ, ಅಂದರೆ ಉರಿಯುವ ದ್ರವ ತುಂಬಿದ ಬಾಟಲಿ.

ಇವೆಲ್ಲದರಲ್ಲೂ ಸಮಾನವಾದ ಒಂದು ಸಂಗತಿ ಇದೆ ನೋಡಿ: ಟ್ಯಾಂಕ್ ತೀರಾ ಹತ್ತಿರ ಬರುವವರೆಗೆ ಸುಮ್ನೆ ಕೂರಬೇಕು. ಇಕ್ಕಟ್ಟಾದ, ಆಳವಾದ ಕಂದಕದಲ್ಲಿ ಕುಳಿತವನ ಮೇಲೆ ಟ್ಯಾಂಕ್ ಹಾದುಹೋದರೂ ಅವನು ಬದುಕಬಹುದು. ಟ್ಯಾಂಕ್ ಒಳಗಿನವರಿಗೆ ತಮ್ಮ ಬುಡದಲ್ಲೇ ಇರುವವನು ಕಾಣುವುದಿಲ್ಲ. ಅದು ದಾಟಿದ ಮೇಲೆ ಎದ್ದು ಹಿಂದಿನಿಂದ ಬಾಟಲಿ ಎಸೆಯಬೇಕು. ಆದರೆ ಟ್ಯಾಂಕಿನ ಹಿಂದೆಯೇ ಶತ್ರುವಿನ ಕಾಲಾಳುಗಳು ಬರುತ್ತಿರುತ್ತಾರೆ. ಎದ್ದವನು ಅವರ ಗುಂಡಿಗೆ ಸಿಗುತ್ತಾನೆ. ಹಾಗಾಗಿ ಮೊದಲು ಮೆಷಿನ್ ಗನ್ನಿನಿಂದ ಆ ಕಾಲಾಳುಗಳನ್ನು ಟ್ಯಾಂಕಿನಿಂದ ಬೇರೆ ಮಾಡಬೇಕು. ಹಿಂದಿನಿಂದ ತೋಪುಗಳ ನೆರವು ಇದ್ದರೆ ಇದು ಸಾಧ್ಯ. ಬರೀ ಕೈಯಲ್ಲಿ ಇರುವುದನ್ನೇ ನಂಬಿದರೆ ಒಂದು ಟ್ಯಾಂಕಿಗೆ ಎಷ್ಟು ಜೀವ ಹೋಗುತ್ತದೆ, ಯೋಚಿಸಿ. ಈ ಲೆಕ್ಕದಲ್ಲಿ ನೋಡಿದರೆ 28 ಜನ 18 ಟ್ಯಾಂಕ್ ಎಂಬುದನ್ನು ನಂಬುವುದು ಕಷ್ಟ, ಅಲ್ವಾ?

ಆ ದಿನ ನಡೆದದ್ದು

ಇದಕ್ಕೆ ಮುಖ್ಯ ಸಾಕ್ಷಿ ರೆಜಿಮೆಂಟ್ ಕಮಾಂಡರ್ ಕಪ್ರೊವ್. ಈ ಕಥೆಯ ಬಗ್ಗೆ ನಡೆದ 1948ರ ತನಿಖೆಯಲ್ಲಿ (ಅದರ ವಿವರ ಮುಂದೆ ಬರುತ್ತದೆ) ಅವನು ಕೊಟ್ಟ ಹೇಳಿಕೆಯ ಸಾರ ಇದು. ನವೆಂಬರ್ 16ಕ್ಕೆ 4ನೇ ಕಂಪನಿಯಲ್ಲಿ 120ರಿಂದ 140 ಜನ ಇದ್ದರು. ಬೆಳಿಗ್ಗೆ ವಿಮಾನ ದಾಳಿ, ಅದರ ಹಿಂದೆ 2ನೇ ಬೆಟಾಲಿಯನ್ನಿನ ಸಾಲಿನ ಮೇಲೆ 10-12 ಟ್ಯಾಂಕ್‌ಗಳ ದಾಳಿ. ಅದನ್ನು ಹಿಮ್ಮೆಟ್ಟಿಸಿದರು, 5-6 ಟ್ಯಾಂಕ್ ನಾಶವಾದವು. ಮಧ್ಯಾಹ್ನ ಎರಡು ಗಂಟೆಯ ಮೇಲೆ ತೋಪುಗಳ ಭಾರೀ ಸುರಿಮಳೆ. ಆಮೇಲೆ 50ಕ್ಕೂ ಹೆಚ್ಚು ಟ್ಯಾಂಕ್‌ಗಳು, ಹದಿನೈದು ಇಪ್ಪತ್ತರ ಗುಂಪುಗಳಾಗಿ, ಅಲೆ ಅಲೆಯಾಗಿ ಬಂದವು. ಟ್ಯಾಂಕ್ ನುಗ್ಗಲು ಸುಲಭವಾಗಿದ್ದದ್ದು 2ನೇ ಬೆಟಾಲಿಯನ್ ನಿಂತ ಜಾಗ. ಪೆಟ್ಟು ಅಲ್ಲೇ ಬಿತ್ತು. 40-45 ನಿಮಿಷದಲ್ಲಿ ಆ ಸಾಲು ನೆಲಸಮವಾಯಿತು. ಒಂದು ಟ್ಯಾಂಕ್ ಕಪ್ರೊವ್‌ನ ಕಮಾಂಡ್ ಪೋಸ್ಟಿನವರೆಗೂ ಬಂತು. ರೈಲು ದಿಬ್ಬದ ಮರೆಯಿಂದ ಅವನು ಬದುಕಿಕೊಂಡ. ದಿಬ್ಬದ ಆಚೆ ಒಬ್ಬೊಬ್ಬರಾಗಿ ಉಳಿದವರು ಬಂದು ಸೇರಿದರು. 4ನೇ ಕಂಪನಿಯಿಂದ ಬಂದವರು ಗುಂಡಿಲೊವಿಚ್ ಜೊತೆಗೆ 20-25 ಜನ.

28 ಜನರ ಯುದ್ಧ ಎಂಬುದು ನಡೆಯಲೇ ಇಲ್ಲ, ಅದು ಪೂರ್ತಿ ಕಟ್ಟುಕಥೆ ಎಂದು ಕಪ್ರೊವ್ ಹೇಳಿದ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ: 4ನೇ ಕಂಪನಿ ಆ ದಿನ ನಿಜಕ್ಕೂ ವೀರರಂತೆ ಹೋರಾಡಿತು, ಅದರ ನೂರಕ್ಕೂ ಹೆಚ್ಚು ಜನ ಸತ್ತರು, ಪತ್ರಿಕೆಯಲ್ಲಿ ಬರೆದಂತೆ 28 ಅಲ್ಲ. ಅಂತರ್ಜಾಲದಲ್ಲಿ ಎಷ್ಟೋ ಜನ ಮೊದಲ ಅರ್ಧವನ್ನು ಮಾತ್ರ ಎತ್ತಿ ಹಾಕುತ್ತಾರೆ. ನನಗೆ ಇದು ನೋವು ತರುತ್ತದೆ. ಎರಡನೇ ಅರ್ಧದಲ್ಲೇ ಸತ್ತವರು ಇರುವುದು.

ಕಪ್ರೊವ್‌ನ ಮಾತನ್ನೂ ಹಾಗೇ ನುಂಗಬೇಕಿಲ್ಲ. ಏಳು ವರ್ಷದ ನಂತರದ ನೆನಪು ಅದು. ಸಾಲು ಕುಸಿದದ್ದಕ್ಕೆ ಅವನನ್ನು ಆಗ ಹುದ್ದೆಯಿಂದ ಇಳಿಸಿ, ಮತ್ತೆ ಕೂರಿಸಿದ್ದರು. ತನ್ನ ಇಡೀ ರೆಜಿಮೆಂಟ್ ಚೆನ್ನಾಗಿ ಕಾದಿತು ಎಂದು ಹೇಳಲು ಅವನಿಗೆ ಕಾರಣ ಇತ್ತು. ಆದರೂ ಅವನು ಅಲ್ಲಿ ಇದ್ದವನು. ಕಥೆ ಬರೆದ ಪತ್ರಕರ್ತರು ಅಲ್ಲಿ ಇರಲಿಲ್ಲ.

28 ಎಲ್ಲಿಂದ ಬಂತು?

ಸೈನ್ಯದ ಪತ್ರಿಕೆ ‘ಕ್ರಾಸ್ನಾಯಾ ಜ್ವೆಜ್ದಾ’ದ ವರದಿಗಾರ ಕೊರೊತೆಯೆವ್ ನವೆಂಬರ್ ಕೊನೆಯಲ್ಲಿ 16ನೇ ಸೇನೆಯ ಮುಖ್ಯ ಕಚೇರಿಗೆ ಹೋದ. ಅಲ್ಲಿ ಪಾನ್ಫಿಲೊವ್ ಡಿವಿಷನ್ನಿನ ಕಮಿಸಾರ್ (ರಾಜಕೀಯ ಅಧಿಕಾರಿ), ಟ್ಯಾಂಕ್‌ಗಳೆದುರು ಕಾದಿದ ಒಂದು ಕಂಪನಿಯ ಬಗ್ಗೆ ಹೇಳಿದ. ಕೊರೊತೆಯೆವ್ ಯುದ್ಧದ ಜಾಗಕ್ಕೂ ಹೋಗಲಿಲ್ಲ, ರೆಜಿಮೆಂಟಿಗೂ ಹೋಗಲಿಲ್ಲ. ನವೆಂಬರ್ 27ಕ್ಕೆ ಅವನ ವರದಿ ಬಂತು. ಕಂಪನಿಯಲ್ಲಿ ಎಷ್ಟು ಜನ ಇದ್ದರು ಎಂದು ಸಂಪಾದಕ ಓರ್ತೆನ್‌ಬರ್ಗ್ ಕೇಳಿದಾಗ, ಪೂರ್ತಿ ಕಂಪನಿ ಇದ್ದಿರಲಾರದು, ಮೂವತ್ತು ನಲವತ್ತು ಇರಬಹುದು ಎಂದು ಅಂದಾಜು ಹೇಳಿದ. ಅದರಲ್ಲಿ ಇಬ್ಬರು ದ್ರೋಹಿಗಳಾದರು ಎಂದೂ ಹೇಳಿದ. ಮೂವತ್ತರಲ್ಲಿ ಎರಡು ಕಳೆದರೆ ಇಪ್ಪತ್ತೆಂಟು. ಇಷ್ಟೇ ಲೆಕ್ಕ! ಮರುದಿನ, ನವೆಂಬರ್ 28ರಂದು, ಅದೇ ಪತ್ರಿಕೆಯ ಕ್ರಿವಿತ್ಸ್ಕಿ ಬರೆದ ಸಂಪಾದಕೀಯ ಬಂತು. ಕ್ರಿವಿತ್ಸ್ಕಿ ರೆಜಿಮೆಂಟಿಗೆ ಹೋದದ್ದು ಡಿಸೆಂಬರ್ ಕೊನೆಗೆ. ಸಂಖ್ಯೆ ಮೊದಲೇ ಗಟ್ಟಿಯಾಗಿತ್ತು, ಅದಕ್ಕೆ ಹೆಸರುಗಳು ಬೇಕಿತ್ತು. ಗುಂಡಿಲೊವಿಚ್ ನೆನಪಿನಿಂದ ಹೆಸರು ಹೇಳಿದ. 1942ರ ಜನವರಿ 22ರಂದು ಹೆಸರುಗಳ ಪಟ್ಟಿ ಅಚ್ಚಾಯಿತು. ಜುಲೈ 21ರಂದು 28 ಜನರಿಗೂ ‘ಸೋವಿಯತ್ ಒಕ್ಕೂಟದ ವೀರ’ ಬಿರುದು, ಎಲ್ಲರೂ ಸತ್ತರೆಂದೇ ಭಾವಿಸಿ.

‘ರಷ್ಯಾ ದೊಡ್ಡದು, ಆದರೆ ಹಿಂದೆ ಸರಿಯಲು ಜಾಗವಿಲ್ಲ, ಹಿಂದೆ ಮಾಸ್ಕೋ ಇದೆ’ ಎಂದು ಕ್ಲೊಚ್ಕೊವ್ ಹೇಳಿದನಂತೆ. ಇಡೀ ಕಥೆಯಲ್ಲಿ ಹೆಚ್ಚು ಹೆಸರಾದ ಮಾತು ಅದು. ಅದನ್ನು ತಾನೇ ಕಲ್ಪಿಸಿ ಬರೆದೆ ಎಂದು ಕ್ರಿವಿತ್ಸ್ಕಿ ತನಿಖೆಯಲ್ಲಿ ಒಪ್ಪಿಕೊಂಡ. ಆದರೆ ಕ್ಲೊಚ್ಕೊವ್ ಕಲ್ಪನೆಯ ಮನುಷ್ಯನಲ್ಲ. ಅವನು ಆ ಕಂಪನಿಯಲ್ಲಿದ್ದ, ಅಲ್ಲೇ ಸತ್ತ.

ಕಥೆ ಬಿಚ್ಚಿದ್ದು ಹೇಗೆ?

1947ರ ನವೆಂಬರ್‌ನಲ್ಲಿ ಇವಾನ್ ದೊಬ್ರೊಬಾಬಿನ್ ಎಂಬವನನ್ನು ಬಂಧಿಸಿದರು. ಅವನು ಜರ್ಮನ್ನರಿಗೆ ಸೆರೆ ಸಿಕ್ಕು, ತಪ್ಪಿಸಿಕೊಂಡು, ಉಕ್ರೇನಿನ ತನ್ನ ಊರು ಪೆರೆಕೊಪ್‌ಗೆ ಹೋಗಿ ಅಲ್ಲಿ ಜರ್ಮನ್ನರ ಕೈಕೆಳಗಿನ ಪೊಲೀಸ್ ಆಗಿದ್ದ. ಬಂಧಿಸಿದಾಗ ಅವನ ಹತ್ತಿರ 28 ವೀರರ ಬಗೆಗಿನ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಅವನ ಹೆಸರೂ ಇತ್ತು, ಸತ್ತ ವೀರನಾಗಿ. ತನಿಖೆ ಮುಂದುವರಿದಂತೆ ಪಟ್ಟಿಯ ಇನ್ನೂ ಕೆಲವರು ಬದುಕಿರುವುದು ತಿಳಿಯಿತು. 1948ರ ಮೇ ತಿಂಗಳಲ್ಲಿ ಸೇನೆಯ ಮುಖ್ಯ ಪ್ರಾಸಿಕ್ಯೂಟರ್ ಅಫನಾಸ್ಯೆವ್ ವರದಿ ಕೊಟ್ಟ: ಈ ಕಥೆ ಕೊರೊತೆಯೆವ್, ಓರ್ತೆನ್‌ಬರ್ಗ್, ಕ್ರಿವಿತ್ಸ್ಕಿ ಇವರ ಸೃಷ್ಟಿ. ವರದಿಯನ್ನು ಮುಚ್ಚಿಟ್ಟರು. ಶಾಲೆಗಳಲ್ಲಿ ಹಳೇ ಕಥೆಯೇ ನಡೆಯಿತು. 1975ರಲ್ಲಿ ದುಬೊಸೆಕೊವೊದಲ್ಲಿ ದೊಡ್ಡ ಸ್ಮಾರಕವೂ ಎದ್ದಿತು. 2015ರಲ್ಲಿ ರಷ್ಯಾದ ಸರ್ಕಾರಿ ದಾಖಲೆ ಭಂಡಾರದ ನಿರ್ದೇಶಕ ಸೆರ್ಗೆಯ್ ಮಿರೊನೆಂಕೊ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಸಂಸ್ಕೃತಿ ಸಚಿವರು ಅವರನ್ನು ಬಹಿರಂಗವಾಗಿ ಟೀಕಿಸಿದರು. 2016ರಲ್ಲಿ ಮಿರೊನೆಂಕೊ ನಿರ್ದೇಶಕ ಹುದ್ದೆಯಲ್ಲಿ ಉಳಿಯಲಿಲ್ಲ.

ಈ ಜಗಳದಲ್ಲಿ ಎರಡೂ ಕಡೆಯವರು 28ರ ಸುತ್ತಲೇ ತಿರುಗಿದರು ಎನ್ನುವುದು ನನ್ನ ಅನಿಸಿಕೆ. ಒಬ್ಬರಿಗೆ ಆ ಸಂಖ್ಯೆ ಪವಿತ್ರ, ಇನ್ನೊಬ್ಬರಿಗೆ ಅದು ಸುಳ್ಳಿನ ಗುರುತು. ಪಟ್ಟಿಗೆ ಸೇರದೆ ಅದೇ ಕಂದಕಗಳಲ್ಲಿ ಸತ್ತವರಿಗೆ ಬಿರುದೂ ಬರಲಿಲ್ಲ, ಹೆಸರೂ ಉಳಿಯಲಿಲ್ಲ. ಎರಡು ದಿನದ ಮೇಲೆ, ನವೆಂಬರ್ 18ರಂದು, ಇದೇ ಡಿವಿಷನ್ನಿನ, ನೆಲಬಾಂಬ್ ಹೂಳುವ ತೆಗೆಯುವ ಕೆಲಸದ 11 ಸ್ಯಾಪರ್‌ಗಳು ಸ್ತ್ರೊಕೊವೊ ಹಳ್ಳಿಯ ಹತ್ತಿರ ತಮ್ಮವರು ಹಿಂದೆ ಸರಿಯಲಿ ಎಂದು ಟ್ಯಾಂಕ್‌ಗಳೆದುರು ನಿಂತು ಸತ್ತರು. ಅವರ ಹೆಸರು ಎಷ್ಟು ಜನ ಕೇಳಿದ್ದಾರೆ? ಅದೇ ದಿನ ಜನರಲ್ ಪಾನ್ಫಿಲೊವ್ ಕೂಡ ಸತ್ತ.

ಈ ಯುದ್ಧದ ಬಗ್ಗೆ ಪ್ರಶ್ನೆ ಬಂದು ಉತ್ತರ ಬರೆಯುವಾಗ ಒಂದು ಕೆಲಸ ಮಾಡಿ. ಪ್ರತಿ ಅಂಕಿಯ ಪಕ್ಕದಲ್ಲೂ ಅದನ್ನು ಹೇಳಿದವರು ಯಾರು, ಯಾವಾಗ ಎಂದು ಬರೆಯಿರಿ. 28 ಜನ, 18 ಟ್ಯಾಂಕ್, ನಾಲ್ಕು ಗಂಟೆ: ಪತ್ರಿಕೆ ಮತ್ತು ಅದರಿಂದ ಬೆಳೆದ ಕಥೆ, 1941-42. ನೂರಕ್ಕೂ ಹೆಚ್ಚು ಸಾವು, ಬೆಳಗಿನ ದಾಳಿಯಲ್ಲಿ 5-6 ಟ್ಯಾಂಕ್, ಎರಡನೇ ದಾಳಿಯಲ್ಲಿ 40-45 ನಿಮಿಷ: ಕಪ್ರೊವ್, 1948. ‘4ನೇ ಕಂಪನಿ’ ಎಂಬ ಹೆಸರನ್ನು ಉತ್ತರದ ಮೊದಲ ಸಾಲಿನಲ್ಲೇ ತನ್ನಿ.