ನೀರು ಕಮ್ಮಿ ಮಾಡಿ ಹೊದಿಕೆ ಹಾಕಿದರೆ ಮೆಕ್ಕೆಜೋಳದ ಇಳುವರಿ ಬೀಳುತ್ತಾ?

ಪ್ರಶ್ನೆ: ಬೋರಿನ ನೀರು ಇಳಿದಿದೆ. ಬೇಸಿಗೆ ಮೆಕ್ಕೆಜೋಳಕ್ಕೆ ನೀರು ಕಮ್ಮಿ ಕೊಟ್ಟು, ಸಾಲಿನ ನಡುವೆ ಕಬ್ಬಿನ ರವದಿ (ಒಣಗಿದ ಗರಿ) ಹಾಸಿದರೆ ನಡೆಯುತ್ತಾ?

ನಡೆಯುತ್ತದೆ. ಆದರೆ ಎಷ್ಟು ಕಮ್ಮಿ ಮಾಡುತ್ತೀರಿ ಅನ್ನುವುದಕ್ಕಿಂತ ಯಾವಾಗ ಕಮ್ಮಿ ಮಾಡುತ್ತೀರಿ ಅನ್ನುವುದೇ ಮುಖ್ಯ.

ಎಳೆ ತೆನೆಯೊಂದರ ಮುಸುಕು ಬಿಡಿಸಿ ನೋಡಿ. ತುದಿಯಲ್ಲಿ ಕಾಣುವ ಕೂದಲಿನ ಒಂದೊಂದು ಎಳೆಯೂ ಒಂದೊಂದು ಕಾಳಿನ ಜಾಗಕ್ಕೆ ಅಂಟಿಕೊಂಡಿರುತ್ತದೆ. ಗಿಡದ ತುದಿಯ ಗಂಡು ಹೂವಾದ ಸೂಲಂಗಿಯಿಂದ ಉದುರುವ ಪುಡಿ ಆ ಎಳೆಗೆ ತಾಗಿದರೆ ಮಾತ್ರ ಅಲ್ಲಿ ಕಾಳು. ನೀರಿನ ಕೊರತೆ ಆದಾಗ ಸೂಲಂಗಿ ಹೆಚ್ಚುಕಮ್ಮಿ ತನ್ನ ಹೊತ್ತಿಗೇ ಬರುತ್ತದೆ, ಕೂದಲು ಮಾತ್ರ ತಡವಾಗುತ್ತದೆ. ಅಷ್ಟರಲ್ಲಿ ಪುಡಿ ಉದುರಿ ಮುಗಿದಿರುತ್ತದೆ. ಅಲ್ಲಲ್ಲಿ ಕಾಳಿಲ್ಲದ ಬೋಳು ತೆನೆ ಸಿಗುವುದು ಹೀಗೆ. ಆಮೇಲೆ ಎಷ್ಟು ನೀರು ಬಿಟ್ಟರೂ ಆ ಕಾಳು ವಾಪಸ್ ಬರುವುದಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ ಇದನ್ನೇ ಹೇಳುತ್ತದೆ. ಗಿಡ ಬೆಳೆಯುವ ಹಂತದಲ್ಲಿ ಬೇಕಾದ ನೀರಿನಲ್ಲಿ ಶೇ 10 ಕೊರತೆಯಾದರೆ ಇಳುವರಿ ಶೇ 4ರಷ್ಟು ಇಳಿಯುತ್ತದೆ. ಹೂ ಬಿಡುವಾಗ ಅದೇ ಕೊರತೆಗೆ ಶೇ 15. ಕಾಳು ಬಲಿಯುವ ಕೊನೆಯಲ್ಲಿ ಬರೀ ಶೇ 2. ಅಂದರೆ ಉಳಿತಾಯ ಮಾಡಬೇಕಾದ್ದು ಮೊದಲ ತಿಂಗಳಲ್ಲಿ ಮತ್ತು ಕೊನೆಯಲ್ಲಿ. ಸೂಲಂಗಿ ಇಣುಕುವ ವಾರದಿಂದ ಕಾಳಿಗೆ ಹಾಲು ತುಂಬುವ ತನಕ ಮಾತ್ರ ದಯವಿಟ್ಟು ಜಿಪುಣತನ ಬೇಡ.

ಹೊದಿಕೆ ಕೆಲಸ ಮಾಡುವುದು ಆ ಮೊದಲ ತಿಂಗಳಲ್ಲೇ. ಗಿಡ ಚಿಕ್ಕದು, ಎರಡು ಅಡಿ ಸಾಲಿನ ನಡುವಿನ ಮಣ್ಣು ಬಿಸಿಲಿಗೆ ಬಿದ್ದಿರುತ್ತದೆ. ಕೊಟ್ಟ ನೀರಿನಲ್ಲಿ ದೊಡ್ಡ ಪಾಲು ಗಿಡಕ್ಕೆ ಹೋಗದೆ ಸುಮ್ನೆ ಆವಿಯಾಗುತ್ತದೆ. ಒಂದು ಎಕರೆಯಿಂದ ಒಂದೇ ಮಿಲಿಮೀಟರ್ ಆರಿದರೂ ಸುಮಾರು 4,000 ಲೀಟರ್ ಹೋಯಿತು ಅಂತ ಲೆಕ್ಕ! ಎರಡು ಮೂರು ಇಂಚು ರವದಿ ಹಾಸಿ, ನಾಲ್ಕು ದಿನ ಬಿಟ್ಟು ಎತ್ತಿ ನೋಡಿ. ಕೆಳಗಿನ ಮಣ್ಣು ಕೈಗೆ ತಣ್ಣಗೆ ಹತ್ತುತ್ತದೆ. ಕಳೆಯೂ ಕಮ್ಮಿ. ಗಿಡ ಎದೆಮಟ್ಟ ಬೆಳೆದು ಸಾಲು ಮುಚ್ಚಿಕೊಂಡ ಮೇಲೆ ಎಲೆಯ ನೆರಳೇ ಮಣ್ಣನ್ನು ಕಾಯುತ್ತದೆ, ಆಗ ಹಾಸಿದರೆ ಅಷ್ಟು ಲಾಭವಿಲ್ಲ. ಗಿಡ ಕುಡಿದು ಎಲೆಯಿಂದ ಆರಿಸುವ ನೀರನ್ನಂತೂ ಹೊದಿಕೆ ಉಳಿಸುವುದಿಲ್ಲ.

ಇನ್ನೊಂದು ಮಾತು, ಯೂರಿಯಾವನ್ನು ರವದಿ ಮೇಲೆ ಎರಚಬೇಡಿ, ಅದರ ಒಂದು ಪಾಲು ಗಾಳಿಗೆ ಹೋಗುತ್ತದೆ. ರವದಿ ಸರಿಸಿ, ಬುಡದ ಪಕ್ಕ ಮಣ್ಣಿಗೆ ಹಾಕಿ, ಮತ್ತೆ ಮುಚ್ಚಿ.