30 ದಿನವೋ 180 ದಿನವೋ: ದಕ್ಷಿಣ ಆಫ್ರಿಕಾದ ಗೆಜೆಟ್ ಓದುವಾಗ ನಾನು ಎಡವಿದ ಜಾಗ

ಗ್ರಂಥಾಲಯ ವಿಜ್ಞಾನ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿಷಯ: ಆಫ್ರಿಕಾದ ದೇಶಗಳಲ್ಲಿ ಡಿಜಿಟಲ್ ಗ್ರಂಥಾಲಯಗಳು ಮತ್ತು ಸರ್ಕಾರಿ ಮಾಹಿತಿ. ನೈಜೀರಿಯಾದ ಮಾಹಿತಿ ಹಕ್ಕಿನ ಕಾಯ್ದೆ 2011ರದು, ಅರ್ಜಿಗೆ ಉತ್ತರ ಕೊಡಲು 7 ದಿನ. ಕೆನ್ಯಾದ್ದು 2016, 21 ದಿನ. ಅಲ್ಲಿ ಅರ್ಜಿ ಹಾಕುವ ಹಕ್ಕು ಪ್ರಜೆಗಳಿಗೆ ಮಾತ್ರ. ಘಾನಾದ್ದು 2019, 14 ದಿನ. ಇಷ್ಟನ್ನು ಬಾಯಿಪಾಠ ಮಾಡಿದರೆ ಆಯಿತು. ನಾನು ಸಿಕ್ಕಿಹಾಕಿಕೊಂಡದ್ದು ದಕ್ಷಿಣ ಆಫ್ರಿಕಾದಲ್ಲಿ.

ಅಲ್ಲಿನ ಸಂವಿಧಾನ 1997ರ ಫೆಬ್ರವರಿ 4ರಂದು ಜಾರಿಗೆ ಬಂತು. ಅದರ 32ನೇ ಕಲಂ ಮಾಹಿತಿಯ ಹಕ್ಕು ಕೊಟ್ಟು, ಮೂರು ವರ್ಷದೊಳಗೆ ಕಾಯ್ದೆ ಮಾಡಿ ಎಂದೂ ಗಡುವು ಇಟ್ಟಿತ್ತು. ಗಡುವಿಗೆ ಎರಡೇ ದಿನ ಬಾಕಿ ಇರುವಾಗ, 2000ದ ಫೆಬ್ರವರಿ 2ರಂದು, ಕಾಯ್ದೆಗೆ ಅಂಕಿತ ಬಿತ್ತು. ಹೆಸರು ಪಿಎಐಎ (ಪ್ರಮೋಷನ್ ಆಫ್ ಆಕ್ಸೆಸ್ ಟು ಇನ್ಫರ್ಮೇಷನ್ ಆ್ಯಕ್ಟ್). ನಮ್ಮ ಆರ್‌ಟಿಐನಲ್ಲಿ ಇಲ್ಲದ ಒಂದು ಸಂಗತಿ ಇದರಲ್ಲಿದೆ: ನನ್ನ ಯಾವುದಾದರೂ ಹಕ್ಕನ್ನು ಕಾಪಾಡಿಕೊಳ್ಳಲು ಬೇಕಾದರೆ ಖಾಸಗಿ ಕಂಪನಿಯಿಂದಲೂ ನೇರವಾಗಿ ದಾಖಲೆ ಕೇಳಬಹುದು.

ಈಗ ಎಡವಿದ ಜಾಗ. ಮಾಹಿತಿ ಕೊಡಲಿಲ್ಲ, ಮೇಲ್ಮನವಿಯೂ ತಿರಸ್ಕಾರವಾಯಿತು ಎನ್ನಿ. ಕೋರ್ಟಿಗೆ ಹೋಗಲು ಎಷ್ಟು ದಿನ? ಗೆಜೆಟ್‌ನ ಪಿಡಿಎಫ್ ತೆರೆದೆ. 78ನೇ ಕಲಂ, 30 ದಿನ ಎಂದಿತ್ತು. ಸರ್ಕಾರವೇ ಅಚ್ಚು ಹಾಕಿದ ಪ್ರತಿ. ಅದಕ್ಕಿಂತ ಖಾತ್ರಿ ಏನು ಬೇಕು ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ. ಬೇರೆ ಕಡೆ ನೋಡಿದರೆ 180 ದಿನ. ಎರಡು ದಿನ ನನಗೆ ಇದು ಬಿಡಿಸಲಾಗದ ಗಂಟಾಗಿತ್ತು.

ಗಂಟು ಬಿಚ್ಚಿದ್ದು ಹೀಗೆ. ಗೆಜೆಟ್ ಎಂದರೆ ಕಾನೂನು ಹುಟ್ಟಿದ ದಿನದ ಫೋಟೋ. ಆಮೇಲೆ ಆದದ್ದು ಯಾವುದೂ ಆ ಪುಟದಲ್ಲಿ ಇರುವುದಿಲ್ಲ. 2009ರಲ್ಲಿ ಬ್ರೂಮರ್ ಎಂಬ ಪತ್ರಕರ್ತರ ಪ್ರಕರಣದಲ್ಲಿ ಸಂವಿಧಾನ ನ್ಯಾಯಾಲಯ ಆ 30 ದಿನದ ಮಿತಿಯೇ ಅಸಾಂವಿಧಾನಿಕ ಎಂದಿತು. ಮಾಹಿತಿ ಸಿಗದ ಮನುಷ್ಯ ವಕೀಲರನ್ನು ಹುಡುಕಿ, ದುಡ್ಡು ಹೊಂದಿಸಿ ಕೋರ್ಟಿಗೆ ಬರಲು ಅಷ್ಟು ಸಮಯ ಸಾಲದು. ಸಂಸತ್ತು ಕಾಯ್ದೆ ತಿದ್ದುವವರೆಗೆ 180 ದಿನ ಎಂದು ಆದೇಶವಾಯಿತು. ಹಾಗಾಗಿ ಆ ಹಳೆಯ ಅಚ್ಚಿನಲ್ಲಿ 30, ಆಚರಣೆಯಲ್ಲಿ 180.

ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ, ಗಮನವಿಡಿ. 2013ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಪೋಪಿಯಾ ಎಂಬ ಬೇರೊಂದು ಕಾಯ್ದೆ ಬಂತು. ಪಿಎಐಎಗೆ ದೊಡ್ಡ ತಿದ್ದುಪಡಿಗಳು ಅದರ ಕೊನೆಯಲ್ಲಿರುವ ಅನುಸೂಚಿಯಲ್ಲಿ ಕುಳಿತಿವೆ. ಪಿಎಐಎ ಎಂದು ಹುಡುಕಿದವರ ಕಣ್ಣಿಗೆ ಅದು ಬೀಳುವುದಾದರೂ ಹೇಗೆ? ಸಾಲದ್ದಕ್ಕೆ ಆ ತಿದ್ದುಪಡಿಗಳು ಜಾರಿಯಾದದ್ದು 2021ರ ಜೂನ್ 30ರಂದು. ಮಾಹಿತಿ ನಿಯಂತ್ರಕರಿಗೆ (ಈ ಎರಡೂ ಕಾಯ್ದೆಗಳ ಪಾಲನೆ ನೋಡಿಕೊಳ್ಳುವ ಸಂಸ್ಥೆ) ದೂರು ಕೊಡುವ ದಾರಿಯೂ ಆಗಲೇ ತೆರೆದದ್ದು. ಹಳೆಯ ಪಿಡಿಎಫ್ ಓದಿದವರಿಗೆ ಕೋರ್ಟ್ ಮಾತ್ರ ಕಾಣುತ್ತದೆ, ಖರ್ಚಿಲ್ಲದ ಆ ಬಾಗಿಲು ಕಾಣುವುದೇ ಇಲ್ಲ. (ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಹೊಟ್ಟೆಯಲ್ಲೇ ಆರ್‌ಟಿಐನ 8(1)(ಜೆ)ಗೆ, ಅಂದರೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂಗೆ, ತಿದ್ದುಪಡಿ ಇದೆ. ಆರ್‌ಟಿಐ ಅರ್ಜಿ ಬರೆಯಲು ಜನರಿಗೆ ನೆರವಾಗುವವರು ಇದನ್ನು ನೆನಪಿಡಬೇಕು.)

ಆದ್ದರಿಂದ ಒಂದು ಕಲಂಗೆ ಮೂರು ತಾರೀಕು ಕೇಳಿ: ಅಂಕಿತ ಬಿದ್ದದ್ದು ಯಾವಾಗ, ಜಾರಿಯಾದದ್ದು ಯಾವಾಗ, ನನ್ನ ಮುಂದಿರುವ ಪಠ್ಯ ಯಾವ ದಿನದ್ದು. ಮೂರನೆಯದಕ್ಕೆ ಉತ್ತರ ಕೊಡದ ಡಿಜಿಟಲ್ ಸಂಗ್ರಹ ಎಷ್ಟೇ ದೊಡ್ಡದಿರಲಿ, ಓದುಗರನ್ನು ದಾರಿ ತಪ್ಪಿಸುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗೆಜೆಟ್ಸ್ ಡಾಟ್ ಆಫ್ರಿಕಾದಲ್ಲಿ ಹಲವು ದೇಶಗಳ ಹಳೆಯ ಗೆಜೆಟ್‌ಗಳಿವೆ, ಮೂಲಪಠ್ಯ ಬೇಕಾದಾಗ ಅಲ್ಲಿಗೆ ಹೋಗಿ. ತಿದ್ದುಪಡಿ ಸೇರಿಸಿದ, ತಾರೀಕು ನಮೂದಿಸಿದ ಪಠ್ಯಕ್ಕೆ ಲಾಸ್ ಡಾಟ್ ಆಫ್ರಿಕಾ. ತೀರ್ಪುಗಳಿಗೆ ಸಾಫ್ಲೀ ಎಂಬ ಜಾಲತಾಣ.

ತೀರ್ಪು ಹುಡುಕಲು ನಾನು ಬಳಸುವ ಒಳದಾರಿ: ಕಕ್ಷಿದಾರರ ಹೆಸರು ಬೇಡ, ಉಲ್ಲೇಖ ಸಂಖ್ಯೆ ಹಾಕಿ. ಬ್ರೂಮರ್ ತೀರ್ಪಿನದು "2009 ಝಡ್‌ಎಸಿಸಿ 21". ಮೊದಲಿಗೆ ವರ್ಷ, ಆಮೇಲೆ ದೇಶದ ಎರಡಕ್ಷರ, ಕೋರ್ಟಿನ ಅಕ್ಷರಗಳು, ಆ ವರ್ಷದ ಎಷ್ಟನೇ ತೀರ್ಪು ಎಂಬುದು. ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಕರೆ ಸಂಖ್ಯೆ ಇದ್ದ ಹಾಗೆ. ಕೆನ್ಯಾದ ಹೈಕೋರ್ಟ್ ಕೆಇಎಚ್‌ಸಿ, ಉಗಾಂಡಾದ ಸುಪ್ರೀಂ ಕೋರ್ಟ್ ಯುಜಿಎಸ್‌ಸಿ. ಈ ಕ್ರಮ ಒಮ್ಮೆ ತಲೆಗೆ ಹತ್ತಿದರೆ ಗಡಿ ದಾಟಿದರೂ ಕೆಲಸಕ್ಕೆ ಬರುತ್ತದೆ.

ದಕ್ಷಿಣ ಆಫ್ರಿಕಾದ ಸಂಸತ್ತಿನ ದಾಖಲೆಗಳ ಬಗ್ಗೆ ಒಂದೇ ಮಾತು. ಸದನದ ಚರ್ಚೆಗಳಿಗೆ ಹ್ಯಾನ್ಸಾರ್ಡ್ ಎಂಬ ಅಧಿಕೃತ ವರದಿ ಇದೆ. ಆದರೆ ಮಸೂದೆಯ ನಿಜವಾದ ತಿದ್ದಾಟ ನಡೆಯುವ ಸಮಿತಿ ಸಭೆಗಳಿಗೆ ಅಂಥ ಅಧಿಕೃತ ವರದಿ ಇರಲಿಲ್ಲ. 1995ರಲ್ಲಿ ಶುರುವಾದ ಪಾರ್ಲಿಮೆಂಟರಿ ಮಾನಿಟರಿಂಗ್ ಗ್ರೂಪ್ ಎಂಬ ಸರ್ಕಾರೇತರ ಸಂಸ್ಥೆ ಕೇಪ್‌ಟೌನಿನ ಆ ಸಭೆಗಳಲ್ಲಿ ಕುಳಿತು, ಯಾರು ಏನು ಕೇಳಿದರು, ಇಲಾಖೆ ಏನು ಹೇಳಿತು ಎಂದು ಬರೆದಿಡುತ್ತ ಬಂದಿದೆ. ಒಂದು ಕಲಂ ಹೀಗೇಕೆ ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೆರೆಯುವುದು ಆ ವರದಿಗಳನ್ನೇ.